ಎಡಗೆನ್ನೆಯ ಕವಳ

ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ನಾನು ಕನ್ನಡಿಯ ಮುಂದೆ ನಿಂತು ನನಗೆ ನಾನೇ ಹಲ್ಲು ಕಿರಿಯುತ್ತೇನೆ. ಬಾಯಿಯ ಎರಡೂ ತುದಿ ಒಂದೇ ಎತ್ತರಕ್ಕೆ ಏರಿದವೋ ಎಂದು ನೋಡುತ್ತೇನೆ. ಆಮೇಲೆ ಕಣ್ಣು ಮುಚ್ಚಿ, ಎರಡೂ ಕೈ ಮುಂದಕ್ಕೆ ಚಾಚಿ, ಹತ್ತು ಎಣಿಸುತ್ತೇನೆ. ಯಾವ ಕೈಯೂ ತಾನಾಗಿ ಕೆಳಗಿಳಿಯದಿದ್ದರೆ ಕಣ್ಣು ಬಿಡುತ್ತೇನೆ. ಕೊನೆಗೆ ಒಂದು ವಾಕ್ಯ ಗಟ್ಟಿಯಾಗಿ ಹೇಳಬೇಕು. ನನ್ನದು, "ಕೊಪ್ಪದ ಬಸ್ಸು ಜಯಪುರದಲ್ಲಿ ಐದು ನಿಮಿಷ ನಿಲ್ಲುತ್ತದೆ" ಎಂಬ ವಾಕ್ಯ. ಒಂದಕ್ಷರವೂ ತೊದಲದೆ ಅದು ಮುಗಿದರೆ ಆ ದಿನದ ಮಟ್ಟಿಗೆ ನನಗೆ ಪಾರ್ಶ್ವವಾಯು ಹೊಡೆದಿಲ್ಲ ಎಂದರ್ಥ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, "ಇವತ್ತು ಎಷ್ಟು ಬಂತು?" ಎಂದು ಕೇಳುತ್ತಾಳೆ. ಸೊನ್ನೆ ಎನ್ನುತ್ತೇನೆ. ಹಾಗಾದರೆ ಹಾಲು ತರಬಹುದು ಎನ್ನುತ್ತಾಳೆ.

ಸೊನ್ನೆ ಬಂದದ್ದಕ್ಕೆ ಸಂತೋಷಪಡುವ ಪರೀಕ್ಷೆ ನನಗೆ ಗೊತ್ತಿರುವಂತೆ ಇದೊಂದೇ. ನರಸಿಂಹರಾಜಪುರದ ಶಾಲೆಯಲ್ಲಿ ಎಂಟನೇ ತರಗತಿಯ ಲೆಕ್ಕದಲ್ಲಿ ನಾನು ಸೊನ್ನೆ ತೆಗೆದಾಗ ಮೇಷ್ಟ್ರು ಉತ್ತರ ಪತ್ರಿಕೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ನಲವತ್ತೆಂಟನೇ ವಯಸ್ಸಿನಲ್ಲಿ ಇದೇ ಅಂಕಕ್ಕೆ ದಿನಾ ಕನ್ನಡಿಯ ಮುಂದೆ ಕೈಚಾಚಿ ನಿಲ್ಲುತ್ತೀಯ ಎಂದು ಆಗ ಯಾರಾದರೂ ಹೇಳಿದ್ದರೆ ಅಷ್ಟೊಂದು ಅಳುತ್ತಿರಲಿಲ್ಲ.

ನಾನು ಕೊಪ್ಪದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಗಂಡಸಾದ್ದರಿಂದ ಜನ ಬ್ರದರ್ ಎನ್ನುತ್ತಾರೆ. ಎಂಬತ್ತು ದಾಟಿದ ಅಜ್ಜಿಯರಿಗೂ ನಾನು ಬ್ರದರೇ. ಪಾರ್ಶ್ವವಾಯು ಹೊಡೆದವರು ಬಂದಾಗ ಅದರ ತೀವ್ರತೆ ಅಳೆಯುವುದಕ್ಕೆ ನಮ್ಮಲ್ಲಿ ಒಂದು ಹಾಳೆ ಇದೆ. ಕಣ್ಣು, ಮುಖ, ಕೈ, ಕಾಲು, ಸ್ಪರ್ಶ, ಮಾತು ಹೀಗೆ ಒಂದೊಂದನ್ನೂ ನೋಡಿ ಅಂಕ ಹಾಕುತ್ತ ಹೋಗಬೇಕು. ಒಟ್ಟು ನಲವತ್ತೆರಡು. ಹೆಚ್ಚು ಬಂದಷ್ಟೂ ಕೆಟ್ಟದ್ದು. ಆ ಅಂಕ ಹಿಡಿದುಕೊಂಡು ನಾವು ನರ್ಸಿಂಗ್ ಡಯಾಗ್ನೋಸಿಸ್ ಬರೆಯುತ್ತೇವೆ. ಡಾಕ್ಟರು ಕಾಯಿಲೆಯ ಹೆಸರು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆ ಕಾಯಿಲೆಯಿಂದ ಈ ಮನುಷ್ಯನಿಗೆ ಏನೇನು ಕಷ್ಟ, ಬೀಳಬಹುದೋ, ನುಂಗಲಾರನೋ, ಬೆನ್ನು ಹುಣ್ಣಾಗಬಹುದೋ ಎಂದು ಗೊತ್ತು ಮಾಡಿ, ಅದಕ್ಕೆ ತಕ್ಕ ಆರೈಕೆ ಬರೆಯುವುದು ನಮ್ಮ ಪಾಲು. ಅಂದರೆ ಆಗಬಹುದಾದ ಕೆಡುಕುಗಳನ್ನೆಲ್ಲ ಮೊದಲೇ ಊಹಿಸಿ ಪಟ್ಟಿ ಮಾಡುವ ಕೆಲಸ. ನನ್ನಂಥ ಹುಟ್ಟು ಪುಕ್ಕಲನಿಗೆ ಇದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ.

ನಾನು ಬರೆದ ಪಟ್ಟಿಗಳಿಗೆ ಆಸ್ಪತ್ರೆಯಲ್ಲಿ ಹೆಸರಿತ್ತು. ಉಳಿದವರು ಮೂರು ಸಾಲಿನಲ್ಲಿ ಮುಗಿಸಿದರೆ ನಾನು ಹಾಳೆಯ ಹಿಂಬದಿಗೂ ಹೋಗುತ್ತಿದ್ದೆ. ಬೆರಳಿನ ಗಾಯಕ್ಕೆ ಡ್ರೆಸಿಂಗ್ ಮಾಡಿಸಲು ಬಂದವನಿಗೆ 'ಬೀಳುವ ಅಪಾಯ' ಎಂದು ಬರೆದದ್ದೂ ಉಂಟು. ಅವನು ಹೊರಗೆ ಮೆಟ್ಟಿಲಿನಲ್ಲಿ ನಿಜವಾಗಿಯೂ ಎಡವಿದ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಹುಬ್ಬಳ್ಳಿ ಕಡೆಯವರು. ನಿವೃತ್ತಿಗೆ ಎರಡು ವರ್ಷ ಇತ್ತು. ನನ್ನ ಪಟ್ಟಿ ಓದುವಾಗಲೆಲ್ಲ ಕನ್ನಡಕ ಏರಿಸಿ, ಇದರಾಗ ಭೂಕಂಪ ಒಂದು ಬಿಟ್ಟೀರಿ ನೋಡ್ರಿ ಎನ್ನುತ್ತಿದ್ದರು.

ನಾನು ಹೇಳಹೊರಟ ದಿನ ಬೆಳಿಗ್ಗೆ ಮನೆಯಲ್ಲಿ ಒಂದು ಮಾತಾಯಿತು. ಹಿಂದಿನ ದಿನ ನಾನು ಡ್ಯೂಟಿಯ ಮಧ್ಯೆ ಮೂರು ಸಲ ಫೋನ್ ಮಾಡಿ ಗ್ಯಾಸ್ ಆಫ್ ಆಗಿದೆಯಾ ಎಂದು ಕೇಳಿದ್ದೆ. ಮೂರನೇ ಸಲ ಹೆಂಡತಿ ಶೃಂಗೇರಿಯಲ್ಲಿ, ತನ್ನ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಿದ್ದಳು. ಅಲ್ಲಿದ್ದವರೆಲ್ಲ ನಕ್ಕರಂತೆ. ಅದಕ್ಕೆ ಅವಳು, "ಒಂದು ದಿನ, ಒಂದೇ ಒಂದು ದಿನ ಹೆದರದೆ ಇದ್ದು ನೋಡಿ. ಪ್ರಪಂಚ ಹ್ಯಾಂಗೆ ಮುಳುಗ್ತದೆ ಅಂತ ನಾನೂ ನೋಡ್ತೀನಿ" ಎಂದಳು. ಆಗಲಿ ಎಂದೆ. ಕನ್ನಡಿಯ ಮುಂದೆಯೂ ನಿಲ್ಲದೆ ಡ್ಯೂಟಿಗೆ ಹೊರಟೆ. ಮೈ ಹಗುರವಾದಂತಿತ್ತು. ಹಗುರವಾಗಿರುವುದು ಒಂದೇ ಬದಿಯೋ ಎರಡೂ ಬದಿಯೋ ಎಂಬ ಪ್ರಶ್ನೆ ಎದ್ದಿತು. ಅದನ್ನು ಅಲ್ಲೇ ಅದುಮಿದೆ.

ಮಧ್ಯಾಹ್ನ ಶಿವಮೊಗ್ಗದಿಂದ ಒಂದು ಕಾರು ಬಂತು. ಅದರಲ್ಲಿ ಬೇಗಾರ್ ಕಡೆಯ ಅಡುಗೆ ಭಟ್ಟರೊಬ್ಬರು, ಅವರ ಹೆಂಡತಿ, ಭಟ್ಟರು 'ಭಾವ' ಎನ್ನುತ್ತಿದ್ದ ಹೆಂಡತಿಯ ತಮ್ಮ. ಭಟ್ಟರಿಗೆ ಅರವತ್ತೈದರ ಆಸುಪಾಸು. ನಮ್ಮ ಮೂರು ತಾಲೂಕಿನಲ್ಲಿ ಅವರ ಅಡುಗೆ ಉಣ್ಣದ ಮನೆ ಕಡಿಮೆ. ನನ್ನ ಮದುವೆಯ ಹೋಳಿಗೆಯೂ ಅವರದೇ. ಮೂರು ದಿನದ ಹಿಂದೆ ಜಯಪುರದಲ್ಲಿ ಒಂದು ಉಪನಯನದ ಅಡುಗೆಯಲ್ಲಿದ್ದಾಗ ಅವರ ಎಡಬದಿಗೆ ಪಾರ್ಶ್ವವಾಯು ಹೊಡೆದಿತ್ತು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಿತ್ತು, ಆ ಹೊತ್ತು ಮೀರಿದೆ, ಇನ್ನು ಮಾತ್ರೆ ಮತ್ತು ಆರೈಕೆ ಎಂದು ಕಾಗದ ಬರೆದು, ಮನೆಯ ಹತ್ತಿರದ ಆಸ್ಪತ್ರೆಯಲ್ಲಿರಲಿ ಎಂದು ಕಳಿಸಿದ್ದರು. ನುಂಗುವುದನ್ನು ಪರೀಕ್ಷಿಸಿದ ನಂತರವೇ ಆಹಾರ ಎಂದೂ ಅದರ ಕೆಳಗೆ ಬರೆದಿತ್ತು.

ಹೊತ್ತು ಮೀರಿದ್ದು ಹೇಗೆ ಎಂದು ಭಾವನನ್ನು ಕೇಳಿದೆ. ಅವರೂ ಅಡುಗೆಯಲ್ಲಿ ಜೊತೆಗೇ ಇದ್ದವರು. ಭಟ್ಟರ ಮಾತು ಬೆಳಿಗ್ಗೆ ಆರಕ್ಕೇ ತೊದಲುತ್ತಿತ್ತಂತೆ. ಆದರೆ ಭಟ್ಟರ ಬಾಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಕವಳ ಇಲ್ಲದ ಹೊತ್ತೇ ಇಲ್ಲ. ಕವಳದ ಬಾಯಲ್ಲಿ ಯಾರು ಸ್ಪಷ್ಟ ಮಾತಾಡುತ್ತಾರೆ? ಹತ್ತೂವರೆಗೆ ಕೈಯಿಂದ ಸೌಟು ಬಿದ್ದಾಗಲೇ ಎಲ್ಲರಿಗೂ ಸಂಶಯ ಬಂದದ್ದು.

ನಾನು ಭಾವನಿಗೆ ಐದು ನಿಮಿಷ ಬುದ್ಧಿ ಹೇಳಿದೆ. ಕವಳದ ಮಾತಿಗೂ ಪಾರ್ಶ್ವವಾಯುವಿನ ಮಾತಿಗೂ ವ್ಯತ್ಯಾಸ ತಿಳಿಯದಿದ್ದರೆ ಹೀಗೇ ಆಗುವುದು, ತೊದಲಿದ ಕೂಡಲೇ ಉಗಿಸಿ ನೋಡಬೇಕಿತ್ತು ಎಂದೆಲ್ಲ. ಒಳ್ಳೆಯ ಭಾಷಣ. ಹೆದರಿಕೆ ಬಿಟ್ಟ ಮನುಷ್ಯನ ಧ್ವನಿ ಎಷ್ಟು ಗಟ್ಟಿಯಾಗುತ್ತದೆ ಎಂದು ನನಗೇ ಮೆಚ್ಚಿಗೆಯಾಯಿತು. ಭಾವ ತಲೆ ತಗ್ಗಿಸಿ ಕೇಳಿದರು. ಭಟ್ಟರು ಮಂಚದ ಮೇಲೆ ಕೂತು, ಗಲ್ಲ ಮೇಲಕ್ಕೆತ್ತಿ, ತುಟಿ ಬಿಗಿದು ಕೇಳಿದರು.

ಗಲ್ಲ ಮೇಲಕ್ಕೆತ್ತಿದ್ದು ಏಕೆಂದರೆ ಅವರ ಬಾಯಲ್ಲಿ ಕವಳ ಇತ್ತು. ಮೂರು ದಿನ ಕವಳವಿಲ್ಲದೆ ಒದ್ದಾಡಿದವರಿಗೆ ತೀರ್ಥಹಳ್ಳಿ ದಾಟಿದ ಮೇಲೆ ಭಾವನೇ ಒಂದು ಕಟ್ಟಿ ಕೊಟ್ಟಿದ್ದರು. ಎಡಗೆನ್ನೆ ಉಬ್ಬಿದ್ದು ನನಗೆ ಕಾಣುತ್ತಿತ್ತು. ಆದರೆ ಹಿರಿಯರು ಹಾಕಿಕೊಂಡ ಕವಳವನ್ನು ಉಗಿಯಿರಿ ಎನ್ನುವುದು ನಮ್ಮಲ್ಲಿ ಊಟದ ಎಲೆಯ ಮುಂದೆ ಕೂತವರನ್ನು ಎಬ್ಬಿಸಿದ ಹಾಗೆ. ನಾನು ಎಬ್ಬಿಸಲಿಲ್ಲ.

ಹಾಳೆ ತೆಗೆದುಕೊಂಡೆ. ನಗಿ ಭಟ್ರೇ ಎಂದೆ. ಅವರು ರಸ ಚೆಲ್ಲದಷ್ಟೇ ನಕ್ಕರು, ಕವಳ ಹಾಕಿದವರೆಲ್ಲ ನಗುವ ಹಾಗೆ. ಮುಖಕ್ಕೆ ಸೊನ್ನೆ. ಊರು, ಹೆಸರು, ತಿಂಗಳು ಕೇಳಿದೆ. ಸ್ವರಗಳು ಮಾತ್ರ ಹೊರಬಂದವು, ವ್ಯಂಜನಗಳೆಲ್ಲ ಒಳಗೇ ಉಳಿದವು. ನಲವತ್ತೆಂಟು ವರ್ಷ ಇಂಥ ಮಾತು ಕೇಳಿಯೇ ಬೆಳೆದ ನನಗೆ ಪ್ರತಿ ಅಕ್ಷರವೂ ಅರ್ಥವಾಯಿತು. ಮಾತಿಗೂ ಸೊನ್ನೆ. ಪಿನ್ನಿನಿಂದ ಕೈಕಾಲು ಮುಟ್ಟಿ ಎರಡೂ ಬದಿ ಒಂದೇ ತೆರ ಗೊತ್ತಾಗುತ್ತದಾ ಎಂದೆ. ತಲೆಯಾಡಿಸಿದರು, ಅದನ್ನು ಹೌದು ಎಂದುಕೊಂಡೆ. ಎಡಗೈ ಸ್ವಲ್ಪ ಇಳಿಯಿತು, ಒಂದು. ಎಡಗಾಲು, ಒಂದು. ಒಟ್ಟು ಎರಡು. ಇನ್ನು ನುಂಗುವುದು. ಆ ಹಾಳೆಯಲ್ಲಿ ನುಂಗುವುದಕ್ಕೆ ಅಂಕವೇ ಇಲ್ಲ. ಅದನ್ನು ಬೇರೆಯಾಗಿ, ಚಮಚದಲ್ಲಿ ನೀರು ಕೊಟ್ಟು ನೋಡಬೇಕು. ಕವಳ ಜಗಿದು ರಸ ನುಂಗುತ್ತ ಇಪ್ಪತ್ತು ಮೈಲಿ ಬಂದವರಿಗೆ ನೀರಿನ ಪರೀಕ್ಷೆ ಏಕೆ ಎಂದುಕೊಂಡೆ.

ಪಟ್ಟಿ ಎರಡೇ ಸಾಲಿನಲ್ಲಿ ಮುಗಿಯಿತು. ಎಡಬದಿ ನಿಶ್ಶಕ್ತಿ, ನಡೆಯುವಾಗ ಆಸರೆ ಬೇಕು. ಮನಸ್ಸಿಗೆ ಧೈರ್ಯ ಹೇಳಬೇಕು. ಆಹಾರ ಎಂಬಲ್ಲಿ 'ಎಲ್ಲವನ್ನೂ ಕೊಡಬಹುದು' ಎಂದು ಬರೆದು ಸಹಿ ಹಾಕಿದೆ. ಎಷ್ಟು ಮಾರ್ಕು ಬಂತು ಎಂದು ಭಟ್ಟರು ಕೇಳಿದರು. ಎರಡು, ಬಹಳ ಒಳ್ಳೆಯದು ಎಂದೆ. ನಲವತ್ತೆರಡಕ್ಕೆ ಎರಡು ಬಂದರೆ ಒಳ್ಳೆಯದೆನ್ನುವ ಆಸ್ಪತ್ರೆಯ ಬಗ್ಗೆ ಅವರಿಗೆ ಏನನ್ನಿಸಿತೋ, ಕಣ್ಣು ಮುಚ್ಚಿದರು.

ನಾನು ಮೇಜಿಗೆ ಬಂದು ಕೂತೆ. ಭಟ್ಟರ ಹೆಂಡತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವುದು ಕಂಡಿತು. ಒಂದು ಗುಟುಕು. ಎರಡನೇ ಗುಟುಕಿಗೆ ಒಂದು ಕೆಮ್ಮು ಬಂತು. ದೊಡ್ಡ ಕೆಮ್ಮಲ್ಲ, ಬಾಗಿಲಲ್ಲಿ ನಿಂತವರು ತಾವು ಬಂದಿದ್ದೇವೆಂದು ತಿಳಿಸಲು ಕೆಮ್ಮುವಂಥದ್ದು. ಬೇರೆ ಯಾವ ದಿನವಾದರೂ ಅಷ್ಟಕ್ಕೇ ನಾನು ಕುರ್ಚಿ ಕೆಡವಿಕೊಂಡು ಓಡುತ್ತಿದ್ದೆ. ಅವತ್ತು, ಮನುಷ್ಯರು ಕೆಮ್ಮುತ್ತಾರಪ್ಪ ಎಂದು ನನಗೆ ನಾನೇ ಹೇಳಿಕೊಂಡೆ. ಈ ಮಾತು ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಎದ್ದವರು ಸಿಸ್ಟರ್. ಕಾಫಿಯ ಲೋಟ ಇಸಿದುಕೊಂಡು ಪಕ್ಕಕ್ಕಿಟ್ಟರು. ಏನಾತ್ರೀ ಎಂದು ಕೇಳಿದರು, ಭಟ್ಟರು ಏನೋ ಹೇಳಿದರು. ಹುಬ್ಬಳ್ಳಿಯ ಕಿವಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ನಾನು ಕೂತಲ್ಲಿಂದಲೇ, ಕಾಫಿಗೆ ಸಕ್ಕರೆ ಕಮ್ಮಿ ಅಂತಿದಾರೆ ಎಂದು ಅನುವಾದ ಮಾಡಿದೆ. ಸಿಸ್ಟರ್ ನನ್ನ ಮುಖ ನೋಡಿದರು. ಆಮೇಲೆ ಟಾರ್ಚ್ ತೆಗೆದುಕೊಂಡು, ಬಾಯಿ ತಗೀರಿ ಅಜ್ಜಾರ ಎಂದರು.

ಐದು ನಿಮಿಷದ ನಂತರ ಅವರು ಒಂದು ಸ್ಟೀಲಿನ ಟ್ರೇ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿ ತೀರ್ಥಹಳ್ಳಿಯ ಕವಳ ಇತ್ತು. ಬಹುಪಾಲು ಜಗಿಯದ್ದು, ಎಲೆಯ ಮಡಿಕೆ ಕೂಡ ಪೂರ್ತಿ ಬಿಚ್ಚಿರಲಿಲ್ಲ.

"ಎಡಗಲ್ಲದಾಗ ಕುಂತಿತ್ತು. ಅದು ಅಲ್ಲೈತಿ ಅನ್ನೋದ ಅವರಿಗೆ ಗೊತ್ತಿಲ್ಲ" ಎಂದರು ಸಿಸ್ಟರ್. "ತಗೋರಿ, ಇದು ನಿಮ್ಮ ಸೊನ್ನಿ."

ಹಾಳೆ ಹಿಡಿದು ಮತ್ತೆ ಹೋದೆ. ಈಗ ನಗಿ ಎಂದಾಗ ಬಾಯಿಯ ಬಲತುದಿ ಮಾತ್ರ ಏರಿತು. ಎಡತುದಿ ಇದ್ದಲ್ಲೇ ಇತ್ತು. ಎಡಗೆನ್ನೆಯನ್ನು ಪಿನ್ನಿನಿಂದ ಮುಟ್ಟಿದರೆ ಮರದ ಹಲಗೆ ಮುಟ್ಟಿದಂತಿದೆ ಎಂದರು. ಮತ್ತು ಮಾತು. ಕವಳ ಹೊರಗೆ ಬಂದಿತ್ತು. ಕವಳದ ಮಾತು ಮಾತ್ರ ಒಳಗೇ ಉಳಿದಿತ್ತು. ಮುಖಕ್ಕೆ ಎರಡು, ಸ್ಪರ್ಶಕ್ಕೆ ಒಂದು, ಮಾತಿಗೆ ಒಂದು, ಕೈಕಾಲಿನ ಎರಡು ಸೇರಿ ಆರು. ನಮ್ಮ ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಗೀಚುವಂತಿಲ್ಲ. ಮೊದಲಿನದು ಓದುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಮಾಡಿದೆ. ಭಾವ ನೋಡುತ್ತ ನಿಂತಿದ್ದರು. ನಾನು ಅವರಿಗೆ ಹೇಳಿದ ಐದು ನಿಮಿಷದ ಮಾತುಗಳಲ್ಲಿ ಒಂದನ್ನೂ ಅವರು ನನಗೆ ಹಿಂದಿರುಗಿಸಲಿಲ್ಲ. ಮಲೆನಾಡಿನ ಸೌಜನ್ಯ ಕೆಲವು ಸಲ ಹೊಡೆತಕ್ಕಿಂತ ಜೋರು.

ಮಾಡಬೇಕಿದ್ದ ನೀರಿನ ಪರೀಕ್ಷೆಯನ್ನು ಆಮೇಲೆ ಮಾಡಿದೆ. ನೇರ ಕೂರಿಸಿ, ಗಂಟಲ ಮೇಲೆ ಬೆರಳಿಟ್ಟು, ಒಂದು ಚಮಚ ನೀರು. ನುಂಗಿದ ಮೇಲೆ 'ಆ' ಎನ್ನಬೇಕು. ಎರಡನೇ ಚಮಚಕ್ಕೆ 'ಆ' ಎಂಬುದು ನೀರೊಳಗಿಂದ ಗೊಳಗೊಳ ಬಂದಂತೆ ಬಂತು. ಮೂರನೆಯದಕ್ಕೆ ಕೆಮ್ಮಿದರು. ಹೊಟ್ಟೆಗೆ ಹೋಗಬೇಕಾದದ್ದು ಶ್ವಾಸಕೋಶದ ದಾರಿ ಹಿಡಿಯುತ್ತಿದೆ. ಇಂಥವರಿಗೆ ಕಾಫಿಯೇ ನ್ಯುಮೋನಿಯಾ ಆಗಬಹುದು. ಹಾಳೆಯ ಆರಂಕ ಅವರನ್ನು ಕೊಲ್ಲುವುದಿಲ್ಲ. ಹಾಳೆಯಲ್ಲಿಲ್ಲದ ಒಂದು ಗುಟುಕು ಕೊಲ್ಲಬಹುದು.

ಡಾಕ್ಟರು ಬಂದು ನೋಡಿ, ಬಾಯಿಗೆ ಏನೂ ಬೇಡ, ಮೂಗಿನಿಂದ ನಳಿಗೆ ಹಾಕೋಣ ಎಂದರು. ಭಟ್ಟರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಸಮಾಧಾನಕ್ಕೆಂದು, ನಾಲ್ಕು ದಿನ ಅಷ್ಟೇ ಭಟ್ರೇ, ಆಮೇಲೆ ಮೊದಲಿನ ಹಾಗೇ ರುಚಿ ನೋಡಿ ಅಡುಗೆ ಮಾಡಬಹುದು ಎಂದೆ. ಅದು ಅವರನ್ನು ಈ ಕಡೆ ತಿರುಗಿಸಿತು.

"ನೈವೇದ್ಯಕ್ಕೆ ಮುಂಚೆ ರುಚಿ ನೋಡುವವನು ಅಡುಗೆಯವನಾ ಮಾರಾಯ?" ಎಂದರು, ಒಂದೊಂದೇ ಶಬ್ದ ಎಳೆದೆಳೆದು. "ನಲವತ್ತು ವರ್ಷ ನಾನು ಉಪ್ಪು ಖಾರ ನೋಡಿದ್ದು ಮೂಗಲ್ಲಿ. ಆ ಮೂಗಿಗೇ ನಳಿಗೆ ಹಾಕ್ತೀನಿ ಅಂತೀರಿ. ಊರಿಗೆಲ್ಲ ಎಲೆಗೆ ಬಡಿಸಿದವನಿಗೆ ಮೂಗಿಗೆ ಬಡಿಸ್ತೀರಾ?"

ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿಸ್ಟರ್ ಇದನ್ನು ನನ್ನಿಂದ ಅನುವಾದ ಮಾಡಿಸಿಕೊಂಡು, ಮಂದ ಮಾಡಿದ ಆಹಾರ ನುಂಗುತ್ತಾರೋ ನೋಡೋಣ ಎಂದು ಡಾಕ್ಟರಿಗೆ ಹೇಳಿದರು. ತೆಳ್ಳಗಿರುವುದು ಗಂಟಲಲ್ಲಿ ಜಾರಿ ಅಡ್ಡದಾರಿ ಹಿಡಿಯುತ್ತದೆ. ಮಂದವಾದದ್ದು ನಿಧಾನವಾಗಿ, ಹೇಳಿದ ದಾರಿಯಲ್ಲಿ ಹೋಗುತ್ತದೆ. ಡಾಕ್ಟರು ನಾಳೆ ಮಧ್ಯಾಹ್ನದವರೆಗೆ ಗಡುವು ಕೊಟ್ಟರು. ಅಲ್ಲಿಯವರೆಗೆ ಡ್ರಿಪ್ಪು. ನಾಳೆ ಕೆಮ್ಮಿದರೆ ನಳಿಗೆ.

ಆ ದಿನ ನಾನು ಪಟ್ಟಿಯನ್ನು ಮತ್ತೆ ಬರೆದೆ. ನುಂಗಲು ತೊಂದರೆ, ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯ, ಎಡಗೆನ್ನೆಯಲ್ಲಿ ಆಹಾರ ಉಳಿಯುವುದು, ಮಾತಿನ ತೊಂದರೆ, ಬೀಳುವ ಅಪಾಯ. ಹಾಳೆಯ ಹಿಂಬದಿಗೂ ಹೋದೆ. ಸಿಸ್ಟರ್ ಓದಿ ಭೂಕಂಪದ ಮಾತೆತ್ತಲಿಲ್ಲ.

ಮರುದಿನ ಮಂದದ ಪ್ರಶ್ನೆ ಬಂತು. ನಮ್ಮ ಚಾರ್ಟಿನಲ್ಲಿ ಮಂದಕ್ಕೆ ಮೂರು ದರ್ಜೆ ಇದೆ. ನಮಗೆ ಬೇಕಾದದ್ದು ಜೇನಿನಷ್ಟು ಮಂದ. ಭಟ್ಟರಿಗೆ ಹಾಗೇ ಹೇಳಿದೆ. ಯಾವ ಜೇನು ಎಂದು ಕೇಳಿದರು. ಮಳೆಗಾಲದ್ದೋ ಬೇಸಿಗೆಯದ್ದೋ? ಮಳೆಗಾಲದ ಜೇನು ನೀರು. ಚಾರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ; ಕಾಲ ಬರೆದಿರಲಿಲ್ಲ. ಪಾಕದಲ್ಲಿ ಹೇಳು, ಒಂದೆಳೆಯೋ ಎರಡೆಳೆಯೋ ಎಂದರು. ನಾನು ಫೋನಿನಲ್ಲಿ ಹೆಂಡತಿಯನ್ನು ಕೇಳಿ, ಒಂದೆಳೆ ಎಂದೆ. ಈ ಸಲ ಗ್ಯಾಸಿನ ವಿಷಯ ಕೇಳಲಿಲ್ಲ. ಅದಕ್ಕೇ ಅವಳಿಗೆ ಗಾಬರಿಯಾಗಿ, ನಿಮಗೆ ಹುಷಾರಿದೆಯಾ ಎಂದಳು.

ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿದ ಹಾಲನ್ನು ಅವರ ಹೆಂಡತಿ ತಂದಿದ್ದರು. ಅವರು ಕಾಸಲು ಹೊರಟರೆ ಭಟ್ಟರು ಬಿಡಲಿಲ್ಲ. ಬ್ರದರ್ ಮಾಡಲಿ, ನಾಳೆ ನನ್ನಂಥವನು ಇನ್ನೊಬ್ಬ ಬಂದರೆ ಯಾರು ಮಾಡುತ್ತಾರೆ ಎಂದರು. ವಾರ್ಡಿನ ಪಕ್ಕದ ಸಣ್ಣ ಒಲೆಯಲ್ಲಿ ನಾನು ಕಾಸಿದೆ. ಮೊದಲನೆಯದು ಗಂಟಾಯಿತು. ಬಟ್ಟಲು ನೋಡಿ ಅವರು ಕಣ್ಣು ಮುಚ್ಚಿದರು. ಅವರ ಕೈಕೆಳಗೆ ಕೆಲಸ ಮಾಡಿದವರೆಲ್ಲ ಹೆದರುತ್ತಿದ್ದದ್ದು ಇದಕ್ಕೇ ಎಂದು ಭಾವ ಕಿವಿಯಲ್ಲಿ ಹೇಳಿದರು. ಎರಡನೆಯದು ನೀರಾಯಿತು. ಮೂರನೆಯದನ್ನು ಅವರು ಬಲಗೈಯಲ್ಲಿ ಚಮಚ ಹಿಡಿದು ಎತ್ತಿ, ಬೀಳಿಸಿ, ಎಳೆ ಕಡಿಯದೆ ಬೀಳುವುದನ್ನು ನೋಡಿದರು. ಮೂಗಿನ ಹತ್ತಿರ ಹಿಡಿದರು. ಆಯ್ತು ಎಂದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಪ್ರಶಂಸಾಪತ್ರ ಅದೊಂದೇ.

ಮಧ್ಯಾಹ್ನ ಡಾಕ್ಟರು ಮಂಚದ ಕಾಲಕಡೆ ನಿಂತರು. ನಳಿಗೆ ಕವರಿನಲ್ಲಿ ಮೇಜಿನ ಮೇಲಿತ್ತು. ನುಂಗುವಾಗ ಗಲ್ಲ ಎದೆಗೆ ತಾಗುವಷ್ಟು ಬಗ್ಗಿಸಬೇಕು, ಆಗ ಶ್ವಾಸದ ದಾರಿ ಮುಚ್ಚಿಕೊಳ್ಳುತ್ತದೆ. ಆದರೆ ಬಾಯಿ ತುಂಬಿದ ಕೂಡಲೇ ಗಲ್ಲ ಮೇಲೆತ್ತುವುದು ಭಟ್ಟರಿಗೆ ನಲವತ್ತು ವರ್ಷದ ಕವಳದ ಅಭ್ಯಾಸ. ಚಮಚ ಬಾಯಿಗೆ ಹೋಯಿತು, ತಲೆ ತಾನಾಗಿ ಮೇಲೇಳತೊಡಗಿತು. ನಾನು ಅವರ ಹಿಂದಲೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಬಗ್ಗಿಸಿದೆ. ಹಿರಿಯರ ತಲೆಯ ಮೇಲೆ ಕೈಯಿಟ್ಟು ಬಗ್ಗಿಸುವುದು, ಕವಳ ಉಗಿಸುವುದಕ್ಕಿಂತ ದೊಡ್ಡ ಅಪಚಾರ. ಮಾಡಿದೆ. ಗಂಟಲ ಗೆಣ್ಣು ನನ್ನ ಬೆರಳ ಕೆಳಗೆ ಏರಿ ಇಳಿಯಿತು.

"ಆ ಅನ್ನಿ."

"ಆ" ಎಂದರು. ಒಣಗಿದ, ಸ್ಪಷ್ಟವಾದ ಆ.

ಹತ್ತು ಚಮಚ ಹೋಯಿತು. ಪ್ರತಿಯೊಂದರ ನಂತರ ಸಿಸ್ಟರ್ ಟಾರ್ಚ್ ಹಾಕಿ ಎಡಗೆನ್ನೆ ನೋಡಿದರು. ಕೆಮ್ಮು ಬರಲಿಲ್ಲ. ಡಾಕ್ಟರು ನಳಿಗೆಯ ಕವರನ್ನು ಜೇಬಿಗೆ ಹಾಕಿಕೊಂಡು ಹೋದರು. ಭಟ್ಟರ ಹೆಂಡತಿ, ಹ್ಯಾಂಗಿತ್ತು ಎಂದು ಕೇಳಿದ್ದಕ್ಕೆ ಭಟ್ಟರು ನನ್ನ ಕಡೆ ನೋಡಿ, "ಉಪ್ಪು ಹಾಕ್ಲಿಲ್ಲ" ಎಂದರು.

ಒಂದೂವರೆ ತಿಂಗಳು ಕಳೆದ ಮೇಲೆ ಮರುತಪಾಸಣೆಗೆ ಬಂದರು, ಕೋಲು ಹಿಡಿದು, ತಾವೇ ನಡೆದು. ನಮಸ್ಕಾರ ಎಂದರು. ಅದೇ ಸ್ವರಗಳು, ಅದೇ ತುಂಬಿದ ಬಾಯಿ. ಈ ಸಲ ನಾನು ಮರ್ಯಾದೆ ನೋಡುವವನಲ್ಲ. ಅಷ್ಟರಲ್ಲಾಗಲೇ ಶೃಂಗೇರಿಯಲ್ಲಿ ಹೆಂಡತಿಯ ಅಣ್ಣ ಕವಳದ ಬಾಯಲ್ಲಿ ತೊದಲಿದರೆಂದು ಅವರನ್ನೂ ನಡುಮನೆಯಲ್ಲಿ ನಿಲ್ಲಿಸಿ ಬಾಯಿ ತೆರೆಸಿ, ಒಂದು ವಾರ ಹೆಂಡತಿಯ ಮಾತು ಕಳೆದುಕೊಂಡವನು ನಾನು. ಸ್ಟೀಲಿನ ಟ್ರೇಯನ್ನು ಭಟ್ಟರ ಗಲ್ಲದ ಕೆಳಗೆ ಹಿಡಿದು, ಮೊದಲು ಉಗೀರಿ ಭಟ್ರೇ ಎಂದೆ.

ಅವರು ಬಾಯಿ ತೆರೆದು ತೋರಿಸಿದರು. ಏನೂ ಇರಲಿಲ್ಲ.

"ಬಿಟ್ಟು ಒಂದೂವರೆ ತಿಂಗಳಾಯ್ತು" ಎಂದರು.

ಟ್ರೇಯನ್ನು ಮೇಜಿನ ಕೆಳಗೆ ಸರಿಸಿದೆ. ಆಮೇಲೆ ಹಾಳೆ ತೆಗೆದು ಮೊದಲಿಂದ ಶುರು ಮಾಡಿದೆ. ಕೈ ಇಳಿಯಲಿಲ್ಲ. ಕಾಲು ಇಳಿಯಲಿಲ್ಲ. ಎಡಗೆನ್ನೆಗೆ ಸ್ಪರ್ಶ ಬಂದಿತ್ತು. ನಗುವಾಗ ಎಡತುದಿ ಒಂದಿಷ್ಟು ಹಿಂದೆ, ಒಂದು. ಮಾತಿಗೆ ಒಂದು. ನೀರು ಕೊಟ್ಟು ನೋಡಿದೆ, ಕೆಮ್ಮಿಲ್ಲದೆ ಇಳಿಯಿತು. ಕಾಫಿ ಕುಡಿಯಬಹುದು ಎಂದು ಡಾಕ್ಟರು ಬರೆದರು.

ಎಷ್ಟು ಮಾರ್ಕು ಎಂದು ಭಟ್ಟರು ಕೇಳಿದರು. ಎರಡು ಎಂದೆ.

ಅವರು ಕೈಚಾಚಿ ಕಡತವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮೊದಲ ಪುಟದಲ್ಲಿ, ನಿಯಮದ ಪ್ರಕಾರ ಒಂದೇ ಗೆರೆ ಎಳೆದ, ಚೆನ್ನಾಗಿ ಓದಲು ಬರುವ ನನ್ನ ಎರಡು ಇತ್ತು.

"ಅವತ್ತೂ ಎರಡೇ ಕೊಟ್ಟಿದ್ದೆಯಲ್ಲ ಮಾರಾಯ" ಎಂದರು. "ಇಷ್ಟು ದಿನ ನಾನು ಸುಮ್ಮನೆ ಗಂಜಿ ಕುಡಿದೆನಾ?"

ಬಾಯಿಯ ಬಲತುದಿ ಏರಿತು. ಎಡತುದಿಯೂ, ನಾನು ಅಂಕ ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಏರಿದಂತೆ ಕಂಡಿತು. ಆದರೆ ಹಾಳೆಗೆ ಸಹಿ ಆಗಿಹೋಗಿತ್ತು. ಮತ್ತೊಂದು ಗೆರೆ ಎಳೆಯುವ ಧೈರ್ಯ ನನಗಾಗಲಿಲ್ಲ.